ಪಕ್ಕದ ಕುರ್ಚಿ

ವಿಭಾ ಹೆಡ್‌ಫೋನ್ ಕಿತ್ತು ಮಂಚದ ಮೇಲೆ ಎಸೆದಳು. ಮೈಯೆಲ್ಲ ಉರಿಯುತ್ತಿತ್ತು. ಎಡಕ್ಕೆ ಕತ್ತು ತಿರುಗಿಸಿದರೆ ಆಂಜೆಲಾಕ್ಕನ ವಯಲಿನ್ ಕೇಳಬೇಕಿತ್ತು. ಕೇಳಲಿಲ್ಲ!

ಮಣಿಪಾಲದ ವಾದ್ಯವೃಂದದಲ್ಲಿ ಇಬ್ಬರೂ ವರ್ಷಗಟ್ಟಲೆ ಅಕ್ಕಪಕ್ಕ ಕೂತು ನುಡಿಸಿದವರು. ಈ ಸಲ ಉಡುಪಿಯ ಕಾರ್ಯಕ್ರಮಕ್ಕೆ ವೃಂದದ ನಿರ್ದೇಶಕ ಕಾರ್ಲ್ಟನ್ ಸರ್ ಹೊಸ ಏರ್ಪಾಡು ಮಾಡಿದ್ದರು. ಪ್ರತಿ ಕುರ್ಚಿಯ ಬಳಿಯೂ ಮೈಕ್ ಇಟ್ಟು ರೆಕಾರ್ಡ್ ಮಾಡಿ, ಅವರವರ ಜಾಗದಲ್ಲಿ ಕೂತಾಗ ಕೇಳುವ ಹಾಗೆಯೇ ಎಲ್ಲರಿಗೂ ಕಳಿಸಿದ್ದರು. ಹೆಡ್‌ಫೋನ್ ಹಾಕಿ ವಿಭಾ ಬಲಕ್ಕೆ ತಿರುಗಿದರೆ ಸೆಲ್ಲೋ, ಹಿಂದೆ ಫ್ಲೂಟ್. ಕೇಳುವವರ ಸ್ವಂತ ವಾದ್ಯ ಮಾತ್ರ ಇರುವುದಿಲ್ಲ. ಆ ಜಾಗವನ್ನು ಅವರೇ ನುಡಿಸಿ ತುಂಬಬೇಕು. ಕುಕ್ಕುಂದೂರಿನ ಮನೆಯ ಕೋಣೆಯೊಳಗೆ ಇಡೀ ವೃಂದ! ವಿಭಾ ಹಿಗ್ಗಿಹೋಗಿದ್ದಳು.

ಮೊನ್ನೆ ತಿದ್ದಿದ ರೆಕಾರ್ಡಿಂಗ್ ಬಂತು. ಆಂಜೆಲಾಕ್ಕ ಕಮಾನು ಎತ್ತುವ ಮೊದಲು ಸುಂಯ್ ಎಂದು ಉಸಿರೆಳೆಯುವವರು. ಅದನ್ನು ನಂಬಿಯೇ ವಿಭಾ ಶುರು ಮಾಡುವುದು. ಈಗ ಆ ಉಸಿರೇ ಇಲ್ಲ. ಇನ್ಯಾರೋ ಚಕಚಕ ನುಡಿಸುತ್ತಿದ್ದರು. ವಿಭಾ ಫೋನ್ ಮಾಡಿ ಕೇಳಿಯೇ ಬಿಟ್ಟಳು.

"ಅವರು ಸ್ವಲ್ಪ ನಿಧಾನ ಅಲ್ವಾ?" ಎಂದರು ಕಾರ್ಲ್ಟನ್ ಸರ್. "ಗೋವಾದಿಂದ ಬೇರೆಯವರು ಬರ್ತಾರೆ. ಅದು ಪಕ್ಕಾ ಆಗುವವರೆಗೆ ಆಂಜೆಲಾ ಅಭ್ಯಾಸ ಮಾಡ್ತಾ ಇರ್ಲಿ. ನೀನು ಬಾಯಿ ಬಿಡ್ಬೇಡ. ನಿನ್ನ ಕುರ್ಚಿಗೆ ಎಂತದೂ ಆಗುವುದಿಲ್ಲ."

ಎಂಥ ಮನುಷ್ಯ! ತಮ್ಮ ವಾದ್ಯ ತಮಗೇ ಕೇಳಿಸದ ಏರ್ಪಾಡಿನಲ್ಲಿ ಆಂಜೆಲಾಕ್ಕನಿಗೆ ಗೊತ್ತಾಗುವುದಾದರೂ ಹೇಗೆ? ಪಾಪ, ಕಾಪುವಿನ ಮನೆಯಲ್ಲಿ ಕೂತು ಇಲ್ಲದ ಕುರ್ಚಿಗಾಗಿ ಬೆರಳು ಸವೆಸುತ್ತಿದ್ದಾರೆ. ಸುಮ್ಮನಿದ್ದರೆ ತನ್ನ ಜಾಗ ಉಳಿಯುತ್ತದೆ. ಥೂ, ಆ ಜಾಗಕ್ಕೆ ಬೆಂಕಿ ಬೀಳಲಿ! ವಯಲಿನ್ ಹೆಗಲಿಗೇರಿಸಿ ಕಾರ್ಕಳದಲ್ಲಿ ಬಸ್ಸು ಹತ್ತಿದಳು. ಬೆಳ್ಮಣ್ ದಾಟಿದರೂ ಸಿಟ್ಟು ಇಳಿಯಲಿಲ್ಲ.

"ಎಂತ ಮಾರಾಯ್ತಿ, ಮುಖ ಹೀಗೆ ಉಂಟು?" ಎಂದು ಆಂಜೆಲಾಕ್ಕ ಬಾಗಿಲು ತೆರೆದರು.

"ಮೊದಲು ನನ್ನ ರೆಕಾರ್ಡಿಂಗ್ ಕೇಳಿ. ಎಡಕ್ಕೆ ತಿರುಗಿ."

ಆಂಜೆಲಾಕ್ಕ ಕೇಳಿದರು. ಮುಖ ಬಿಳಿಚಿಕೊಂಡಿತು. "ಇದು ನಾನಲ್ಲ," ಎಂದರು. ಆಮೇಲೆ ತಮ್ಮ ಹೆಡ್‌ಫೋನನ್ನು ವಿಭಾಳ ಕೈಗಿಟ್ಟರು. "ನೀನು ಬಲಕ್ಕೆ ತಿರುಗಿ ಕೇಳು."

ನುಡಿಸುವಾಗ ಕಾಲು ತಟ್ಟುವುದು ವಿಭಾಳ ಅಭ್ಯಾಸ. ಆ ಸದ್ದು ಇರಲಿಲ್ಲ. ಅವಳ ಕುರ್ಚಿಯಲ್ಲೂ ಇನ್ಯಾರೋ ನುಡಿಸುತ್ತಿದ್ದರು.

"ನಿನ್ನ ಬಗ್ಗೆ ನಾನು ಸರ್ ಹತ್ರ ಕೇಳಿದ್ದೆ," ಆಂಜೆಲಾಕ್ಕ ತಲೆ ತಗ್ಗಿಸಿದರು. "ಬಾಯಿ ಬಿಡ್ಬೇಡಿ, ನಿಮ್ಮ ಕುರ್ಚಿ ಭದ್ರ ಅಂದ್ರು."

"ನೀವು ಸುಮ್ಮನಿದ್ರಿ!"

"ಹೆದರಿಕೆ ಆಯ್ತು ವಿಭಾ. ಆ ಕುರ್ಚಿ ಬಿಟ್ರೆ ನನಗೆ ಬೇರೆ ಎಂತ ಉಂಟು?"

ವಿಭಾ ಹೆಡ್‌ಫೋನ್ ಕೆಳಗಿಟ್ಟು ವಯಲಿನ್ ಹೆಗಲಿಗೇರಿಸಿದಳು. "ನಾನು ಮಣಿಪಾಲಕ್ಕೆ ಹೋಗ್ತೇನೆ. ಅವರ ಮುಖಕ್ಕೇ ಕೇಳ್ತೇನೆ," ಎಂದು ದಡದಡನೆ ಮೆಟ್ಟಿಲಿಳಿದಳು.

ಉಡುಪಿಯ ಬಸ್ಸು ಬಂತು. ಹತ್ತುವಾಗ ಹಿಂದೆ ಸುಂಯ್ ಎಂದು ಉಸಿರೆಳೆದ ಸದ್ದು. ವಯಲಿನ್ ಪೆಟ್ಟಿಗೆ ಅವುಚಿಕೊಂಡು ಆಂಜೆಲಾಕ್ಕ ಓಡಿ ಬಂದಿದ್ದರು. ವಿಭಾ ತಿರುಗಿ ನೋಡಲಿಲ್ಲ. ಬಲಗಡೆಯ ಕಿಟಕಿಗೆ ಕೂತು, ಎಡಪಕ್ಕದ ಸೀಟಿನ ಮೇಲೆ ಕೈಯಿಟ್ಟು, ಕೂರಲು ಬಂದ ಬೇರೆ ಹೆಂಗಸಿಗೆ ಸಿಡುಕಿದಳು:

"ಇಲ್ಲಿ ಜನ ಉಂಟು."