ಹಬ್ಬದ ಅಪ್ಪುಗೆ

೧೯೫೭ರ ಬಕ್ರೀದ್ ದಿನ ಕನ್ನೊಳ್ಳಿಯ ದಸ್ತಗೀರಸಾಬರ ಮಾನ ಈದ್ಗಾದ ಮುಂದೆಯೇ ಹೋಯಿತು. ನಮಾಜು ಮುಗಿದು ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದಾಗ, ಧಾರವಾಡದ ಕಾಲೇಜಿನಿಂದ ಆಗತಾನೇ ಬಂದಿಳಿದ ಮಗ ಬಾಬುಲಾಲ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ದೂರದ ಬೇವಿನ ಮರದಡಿ ನಿಂತುಬಿಟ್ಟ. ಆ ಊರಲ್ಲಿ ಹಬ್ಬದ ದಿನ ಅಪ್ಪಿಕೊಳ್ಳಲಿಲ್ಲವೆಂದರೆ ಸಂಬಂಧ ಮುರಿದಂತೆಯೇ.

"ಫ್ಲೂ ಜ್ವರ ಬಂದು ಹಾಸ್ಟೆಲ್ ಮುಚ್ಯಾರ ಅಪ್ಪಾ. ಯಾರನ್ನೂ ಮುಟ್ಟಬ್ಯಾಡ್ರಿ ಅಂತ ಡಾಕ್ಟರು ಹೇಳ್ಯಾರ. ನಾ ಹೊಲದ ಗುಡಿಸಲದಾಗ ಇರ್ತೇನಿ," ಎಂದು ಅಲ್ಲಿಂದಲೇ ಕೂಗಿದ.

"ಸಾಲಿ ಕಲ್ತು ಸೊಕ್ಕು ಬಂದೈತಿ ನೋಡು," ಎಂದರು ಯಾರೋ. ದಸ್ತಗೀರಸಾಬರು ಹಲ್ಲು ಕಚ್ಚಿದರು. ಮಗನ ಮೋರೆ ನೋಡುವುದಿಲ್ಲವೆಂದು ಹೆಂಡತಿಯ ಮುಂದೆ ಹಾರಾಡಿದರೂ ದಿನಾ ಬುತ್ತಿ ಒಯ್ದವರು ಅವರೇ.

ಮೂರನೇ ದಿನ ಬುತ್ತಿಯನ್ನು ಬದುವಿನ ಮೇಲಿಟ್ಟು ನೋಡಿದರೆ ಮಗ ಜ್ವರದಿಂದ ನಡುಗುತ್ತಿದ್ದ. ಓಡಿ ಹೋಗಲು ಹೊರಟ ಅಪ್ಪನನ್ನು, "ಅಲ್ಲೇ ನಿಂದರ್ರಿ! ಮನ್ಯಾಗ ಅಕ್ಕನ ಹಸುಗೂಸೈತಿ," ಎಂದು ಗದರಿಸಿದ. ಆ ಜ್ವರದಲ್ಲೇ ಎದ್ದು ತಾನುಂಡ ತಟ್ಟೆಯನ್ನು ಕುದಿಯುವ ನೀರಿಗೆ ಅದ್ದಿ ಬಿಸಿಲಿಗಿಟ್ಟ. ಗದರಿಸಿಕೊಂಡ ಅಪ್ಪ ಊರವರೆಗೂ ಎದೆಯುಬ್ಬಿಸಿಕೊಂಡೇ ನಡೆದರು.

ಸುತ್ತಲ ಊರುಗಳಲ್ಲಿ ಮನೆಗೊಬ್ಬರು ಹಾಸಿಗೆ ಹಿಡಿದರು. ಕನ್ನೊಳ್ಳಿಯಲ್ಲಿ ಮಲಗಿದವನು ಬಾಬುಲಾಲನೊಬ್ಬನೇ. ಅವನ ಜ್ವರ ಬಿಟ್ಟು ವಾರ ಕಳೆದ ಮೇಲೆ ಬಂದ ಶುಕ್ರವಾರ, ಮಸೀದಿಯ ಮುಂದೆ ಎಲ್ಲರೂ ನೋಡುತ್ತಿರುವಾಗ ದಸ್ತಗೀರಸಾಬರು ಮಗನನ್ನು ಮೂರು ಸಲ ಬಿಗಿದಪ್ಪಿಕೊಂಡರು.

"ಸೊಕ್ಕು ಅಂದವರು ಯಾರ್ರಿ? ಮುಂದ ಬರ್ರಿ! ಹೌದು, ನನ್ನ ಮಗಗ ಸೊಕ್ಕೈತಿ. ಆ ಸೊಕ್ಕಿನಿಂದನ ನಿಮ್ಮ ಮನಿ ಕೂಸುಗಳು ಇವತ್ತ ಅಂಗಳದಾಗ ಆಡಾಕತ್ತಾವು!"