ಸೆಲ್ಲಿನ ಬ್ರಷ್ಷು

“ಬಾಯಿ ತೆಗೀರಿ,” ಎಂದು ಅವಳು ಮೂರನೆಯ ಸಲ ಹೇಳಿದಳು. ಗಂಡ ತುಟಿ ಬಿಗಿದುಕೊಂಡು ಗೋಡೆಯ ಕಡೆ ನೋಡಿದ. ಅವಳು ಗಲ್ಲ ಹಿಡಿದು ಮುಖ ತಿರುಗಿಸಲು ಹೋದಳು. ಅವನು ಎಡಗೈಯಿಂದ ಅವಳ ಕೈಯನ್ನು ತಳ್ಳಿದ. ಬ್ರಷ್ಷು ನೆಲಕ್ಕೆ ಬಿದ್ದು ಮಂಚದಡಿಗೆ ಉರುಳಿತು.

ಬಲಭಾಗಕ್ಕೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ತಿಂದದ್ದು ಬಲದವಡೆಯಲ್ಲೇ ಉಳಿದುಬಿಡುತ್ತಿತ್ತು, ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಹೋದ ವಾರ ಜ್ವರ, ಕೆಮ್ಮು ಹಿಡಿದಾಗ ಡಾಕ್ಟರು ಬಾಯೊಳಗೆ ಟಾರ್ಚು ಬಿಟ್ಟು ನೋಡಿ ಮುಖ ಗಂಟಿಕ್ಕಿದ್ದರು. “ಬಾಯಲ್ಲಿ ಕೊಳೆತದ್ದು ಎದೆಗೆ ಇಳಿಯುತ್ತಮ್ಮ. ಈ ಸಲ ಬಚಾವಾದ್ರು. ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಲಿಲ್ಲ,” ಎಂದಿದ್ದರು. ಅಂದಿನಿಂದ ಅವನು ನುಂಗುವ ಒಂದೊಂದು ತುತ್ತಿಗೂ ಅವಳ ಜೀವ ಬಾಯಿಗೆ ಬರುತ್ತಿತ್ತು.

ಅವನದು ಬರೀ ಹಟವೆಂದರೆ ತಪ್ಪಾದೀತು. ಮೂವತ್ತೆಂಟು ವರ್ಷ ಕ್ಷೌರದಂಗಡಿ ನಡೆಸಿದವನು. ‘ಎಂಥಾ ಸಾಹೇಬನಾದ್ರೂ ನನ್ನ ಮುಂದೆ ತಲೆ ತಗ್ಗಿಸಲೇಬೇಕು’ ಎಂದು ನಗುತ್ತಿದ್ದವನು. ಅಂಥವನ ಗಲ್ಲವನ್ನು ಹೆಂಡತಿ ದಿನಾ ಎರಡು ಹೊತ್ತು ಹಾಲುಗಲ್ಲದ ಕೂಸಿನದೆಂಬಂತೆ ಹಿಡಿದು ಹಿಂಡುವುದೆಂದರೆ! ಇದು ಅವಳಿಗೆ ತಿಳಿಯದ್ದೇನಲ್ಲ. ತಿಳಿದೂ ಸಿಟ್ಟು ಬರುತ್ತಿತ್ತು. ಹೆದರಿಕೆಯೇ ಸಿಟ್ಟಿನ ವೇಷ ಹಾಕಿಕೊಂಡು ಬರುತ್ತಿತ್ತು.

ಅಂದು ಸಂಜೆ ಅವಳು ಔಷಧಿ ಅಂಗಡಿಗೆ ಹೋದಳು. ಅಂಗಡಿಯ ಹೆಂಗಸಿಗೆ ಬೀದಿಯವರು ಮಾತಿನಮಲ್ಲಿ ಎಂದೇ ಹೆಸರಿಟ್ಟಿದ್ದರು. ಆ ಹೆಂಗಸು ಮೇಲಿನ ಹಲಗೆಯಿಂದ ಒಂದು ಡಬ್ಬಿ ತೆಗೆದು ಧೂಳು ಒರೆಸಿದಳು.

“ಇರೋದ್ರಲ್ಲಿ ಇದೇ ಅಗ್ಗದ್ದು, ಅಕ್ಕ. ಚಾರ್ಜು ಗೀರ್ಜು ಏನಿಲ್ಲ, ಒಳಗೇ ಒಂದು ಸೆಲ್ ಇದೆ. ಗುಂಡಿ ಒತ್ತಿದ್ರೆ ಅದೇ ಉಜ್ಜುತ್ತೆ, ಭಾವ ಎಡಗೈಲಿ ಹಿಡ್ಕೊಂಡ್ರೆ ಸಾಕು. ಆದ್ರೆ ಮೊದಲು ಬಾಯೊಳಗೆ ಇಡ್ಬೇಕು, ಆಮೇಲೆ ಗುಂಡಿ. ಹಿಂದೆ ಮುಂದೆ ಆಯ್ತೋ, ಗೋಡೆಗೆ ಸುಣ್ಣ ಹೊಡೆದ ಹಾಗೆ!”

ಮರುದಿನ ಬೆಳಿಗ್ಗೆ ಅವಳು ಅವನನ್ನು ಬಚ್ಚಲಿನ ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ಕೂರಿಸಿದಳು. “ತಗೊಳ್ಳಿ. ನೀವೇ ಉಜ್ಕೊಳ್ಳಿ. ನಾನು ಮುಟ್ಟೋದೂ ಇಲ್ಲ,” ಎಂದು ಅಂಗಡಿಯವಳ ಪಾಠವನ್ನು ಎರಡೆರಡು ಸಲ ಒಪ್ಪಿಸಿದಳು. ಅವನು ಬ್ರಷ್ಷನ್ನು ಎಡಗೈಯಲ್ಲಿ ತೂಗಿ ನೋಡಿದ. ಆಮೇಲೆ ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿಯೇಬಿಟ್ಟ.

ಪೇಸ್ಟು ಕನ್ನಡಿಗೆ, ಅವನ ಹುಬ್ಬಿಗೆ, ಅವಳ ಮೂಗಿಗೆ ಸಿಡಿಯಿತು.

“ಬಾಯೊಳಗೆ ಇಟ್ಟು ಒತ್ತಿ ಅಂತ ಬಡ್ಕೊಂಡೆನಲ್ರೀ!”

“ಮೆಷೀನು... ಮೊದ್ಲು ಸದ್ದು ಕೇಳ್ಬೇಕು,” ಎಂದ, ಪದಗಳನ್ನು ಒಂದೊಂದಾಗಿ ಹೊರಗೆ ನೂಕುತ್ತ. “ಆಮೇಲೆ... ಗಿರಾಕಿ.”

ಎರಡು ತಿಂಗಳಲ್ಲಿ ಅವನಾಡಿದ ಅತಿ ಉದ್ದದ ಮಾತು ಅದು. ಅವಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ನಕ್ಕಳು. ನಗುತ್ತಲೇ ಕಣ್ಣು ತುಂಬಿತು.

ಮತ್ತೆ ಪೇಸ್ಟು ಹಾಕಿಕೊಟ್ಟಳು. ಈ ಸಲ ಸರಿಯಾಗಿ ಬಾಯಿಗಿಟ್ಟು ಎಡಗಡೆಯನ್ನೆಲ್ಲ ಉಜ್ಜಿದ. ಬಲಗಡೆಗೆ ಬಂದಾಗ ಬ್ರಷ್ಷು ಒಮ್ಮೆ ತುಟಿಗೆ, ಒಮ್ಮೆ ಗಲ್ಲಕ್ಕೆ ತಾಗಿ ಜಾರಿತು. ಅವನಿಗೆ ಅದೂ ತಿಳಿಯಲಿಲ್ಲ. ಗುಂಡಿ ಒತ್ತಿ ನಿಲ್ಲಿಸಿ, ನೊರೆ ಉಗಿದು, ‘ಆಯ್ತು’ ಎನ್ನುವಂತೆ ಕನ್ನಡಿಯಲ್ಲಿ ಅವಳನ್ನು ನೋಡಿದ. ಆ ಮುಖದಲ್ಲಿದ್ದ ಗೆಲುವನ್ನು ಮುರಿಯಲು ಅವಳಿಗೆ ಮನಸ್ಸೇ ಬರಲಿಲ್ಲ. ಸುಮ್ಮನಿದ್ದುಬಿಡೋಣವೇ ಎಂದುಕೊಂಡಳು. ಡಾಕ್ಟರ ಮಾತು ನೆನಪಾಯಿತು.

“ಬಲಗಡೆ ಹಾಗೇ ಇದೆ, ರೀ,” ಎಂದಳು.

ಅವನು ಬೆರಳಿನಿಂದ ಬಲಗೆನ್ನೆಯನ್ನು ಎಳೆದು ಕನ್ನಡಿಗೆ ಬಾಗಿದ. ರಾತ್ರಿ ತಿಂದದ್ದು ವಸಡಿಗೆ ಅಂಟಿಕೊಂಡಿತ್ತು. ಬಹಳ ಹೊತ್ತು ನೋಡಿದ. ಬೆರಳು ಬಿಟ್ಟಾಗ ಕೆನ್ನೆ ಜೋತು ಮೊದಲಿನ ಜಾಗಕ್ಕೆ ಬಂತು. ತಲೆ ಎತ್ತದೆ ಬ್ರಷ್ಷನ್ನು ಅವಳತ್ತ ಚಾಚಿದ.

ಅವಳು ಎದುರಿಗೆ ಬಂದು ನಿಂತಳು. ಅವನು ತಲೆಯಾಡಿಸಿದ.

“ಎದುರಿಗೆ ಬೇಡ. ಹಿಂದೆ.”

“ಹಿಂದೆ ನಿಂತ್ರೆ ಬಾಯಿ ಹೇಗೆ ಕಾಣ್ಸುತ್ತೆ?”

“ಕನ್ನಡಿ... ಯಾಕಿದೆ?”

ಅವಳು ಹಿಂದೆ ಹೋದಳು. ಕೈ ರೂಢಿಯಂತೆ ಗಲ್ಲಕ್ಕೆ ಹೋಯಿತು.

“ಹಿಡೀಬೇಡ. ಎರಡು ಬೆರಳು. ಕೆಳಗೆ,” ಎಂದ. “ತಿರುಗಿಸ್ಬೇಡ... ಸುಮ್ನೆ ಇಟ್ಕೋ. ಗಿರಾಕಿನೇ ತಿರುಗ್ತಾನೆ.”

ಅಂಗಡಿಯ ಈ ಗುಟ್ಟನ್ನು ಅವನು ಇದುವರೆಗೆ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅವಳು ಎರಡು ಬೆರಳನ್ನು ಗಲ್ಲದಡಿ ಇಟ್ಟು ಕಾದಳು. ಸ್ವಲ್ಪ ಹೊತ್ತಿಗೆ ಅವನ ಮುಖ ತಾನೇ ಎಡಕ್ಕೆ ಹೊರಳಿ ಬಲಗೆನ್ನೆ ಬೆಳಕಿಗೆ ಬಂತು, ಬಾಯಿ ತೆರೆಯಿತು. ಅವಳು ಬ್ರಷ್ಷನ್ನು ಒಳಗಿಟ್ಟು ಗುಂಡಿ ಒತ್ತಿದಳು. ಅವನ ಕಣ್ಣುಗಳು ಮುಚ್ಚಿಕೊಂಡವು. ತಲೆಯ ಭಾರವೆಲ್ಲ ಮೆಲ್ಲಗೆ ಅವಳ ಹೊಟ್ಟೆಗೆ ಒರಗಿತು.

ಬಲದವಡೆಯ ಕೊನೆಯ ಹಲ್ಲಿಗೆ ಬರುವಷ್ಟರಲ್ಲಿ ಬ್ರಷ್ಷಿನ ಸದ್ದು ಕುಗ್ಗುತ್ತ ಬಂದು ನಿಂತೇಹೋಯಿತು. ಈಗ ಬಾಯಿ ಮುಚ್ಚಿಬಿಡುತ್ತಾನೇನೋ ಎಂದು ಅವಳು ಕನ್ನಡಿಯಲ್ಲಿ ಅವನ ಮುಖ ನೋಡಿದಳು. ಆಮೇಲೆ ಕೈಯಿಂದಲೇ ಬ್ರಷ್ಷನ್ನು ಸಣ್ಣಗೆ ಸುತ್ತಿಸುತ್ತ ಉಜ್ಜತೊಡಗಿದಳು. ಸದ್ದಿಲ್ಲದ ಬಚ್ಚಲಿನಲ್ಲಿ ಅವನು ಕಣ್ಣು ತೆರೆಯಲಿಲ್ಲ, ಬಾಯಿಯನ್ನೂ ಮುಚ್ಚಲಿಲ್ಲ.