ಕಾರ್ಡಿನೊಳಗಿನ ಹೆಂಗಸು

ಒಂದು ವರ್ಷದಿಂದ ನಮ್ಮ ಮನೆಯಲ್ಲಿ ಊಟಕ್ಕಿಂತ ಜಾಸ್ತಿ ಮೂಳೆಯದ್ದೇ ಮಾತು. ಮಗಳು ಜಸೀಲ ಎಂಬಿಬಿಎಸ್ ಮುಗಿಸಿ ಮೂಳೆ ಡಾಕ್ಟರಾಗುವ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ಹತ್ತಿರ ಆರುನೂರು ಕಾರ್ಡುಗಳಿವೆ, ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ಪ್ರಶ್ನೆ ಓದಿ, ಉತ್ತರ ಸರಿಯಾದರೆ ಟಿಕ್ ಹಾಕುವುದು ನನ್ನ ಕೆಲಸ. "ಉಮ್ಮಾ, ನಿಮಗೆ ಅರ್ಥ ಆಗ್ಬೇಕಂತಿಲ್ಲ, ಜಸ್ಟ್ ಟಿಕ್ ಮಾಡಿ" ಅಂದಿದ್ದಳು ಮೊದಲ ದಿನವೇ. ಆಯ್ತು ಮಾರಾಯ್ತಿ! ಆದರೆ ನಾನು ಮದ್ರಸದಲ್ಲಿ ಕೇಳಿ ಕೇಳಿಯೇ ಬಾಯಿಪಾಠ ಮಾಡಿದ ಹಲೀಮ. ಮಣಿಕಟ್ಟಿನ ಎಂಟು ಮೂಳೆಯ ಹೆಸರು ನನಗೆ ರಮಝಾನಿನೊಳಗೆ ಬಂತು, ಅವಳಿಗೆ ಬಕ್ರೀದ್ ಆಯ್ತು.

ಹತ್ತು ದಿನದ ಹಿಂದೆ, ಈ ಅರಬರ ನಾಡಿನ ಧೂಳುಗಾಳಿ ನಿಂತ ಮೇಲೆ ಬಾಗಿಲೆದುರಿನ ಟೈಲ್ಸ್ ತೊಳೆಯುತ್ತಿದ್ದೆ. ಕಾಲು ಜಾರಿ, ಬಲಗೈ ಊರಿ ಬಿದ್ದೆ. ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆದು ಏನೂ ಇಲ್ಲ ಅಂದರು. ಜಸೀಲ ಅದನ್ನು ಫೋನಿನಲ್ಲೇ ನೋಡಿ, "ಉಳುಕು ಅಷ್ಟೇ, ಮುಲಾಮು ಹಚ್ಚಿ" ಅಂದಳು. ಕೈ ಮುಟ್ಟಿಯೂ ನೋಡಲಿಲ್ಲ.

"ಹೆಬ್ಬೆರಳ ಬುಡದ ಗುಳಿಯಲ್ಲಿ ನೋವು ಕಣೇ."

"ಎಕ್ಸ್‌ರೇ ಕ್ಲಿಯರ್ ಇದೆ ಉಮ್ಮಾ. ಗೂಗಲ್ ಡಾಕ್ಟರ್ ಆಗ್ಬೇಡಿ."

ಗೂಗಲ್ಲಂತೆ! ಆ ಗುಳಿಯ ಮಾತು ಇದ್ದದ್ದು ಅವಳದ್ದೇ ಕಾರ್ಡಿನಲ್ಲಿ!

ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಯಜಮಾನರು ಅಬ್ದುಲ್ ಸಲಾಂ ಇನ್ನೂ ದೊಡ್ಡ ಡಾಕ್ಟರು. "ಡಾಕ್ಟರ್ ಮಗಳೇ ಹೇಳಿದ ಮೇಲೆ ಖಲಾಸ್. ಮುಂದಿನ ಶುಕ್ರವಾರ ಮಿರ್ದಿಫ್‌ನಿಂದ ಹನ್ನೆರಡು ಜನ ನೆಂಟರು ಊಟಕ್ಕೆ ಬರ್ತಾರೆ. ಅಕ್ಕಿರೊಟ್ಟಿ ನಿನ್ನ ಕೈಯದ್ದೇ ಆಗ್ಬೇಕು." ಒಡೆದ ಮೊಬೈಲನ್ನಾದರೆ ಇವರು ಕನ್ನಡಕ ಹಾಕಿ ತಿರುಗಿಸಿ ತಿರುಗಿಸಿ ನೋಡುತ್ತಾರೆ.

ನನಗೆ ಹೆದರಿಕೆಯಾಗಿತ್ತು. ಆ ಕಾರ್ಡಿನ ಕೊನೆಯ ಸಾಲೂ ಬಾಯಿಪಾಠ ಇತ್ತಲ್ಲ: ಸ್ಕೇಫಾಯ್ಡ್ ಎಂಬ ಆ ಪುಟ್ಟ ಮೂಳೆಗೆ ರಕ್ತ ಹೆಚ್ಚಾಗಿ ಒಂದೇ ತುದಿಯಿಂದ ಬರುವುದು, ಮುರಿದದ್ದು ಗೊತ್ತಾಗದೆ ಬಿಟ್ಟರೆ ಒಳಬದಿಯ ತುಂಡು ರಕ್ತ ಸಿಗದೆ ಸಾಯಬಹುದು. ಆಗಲೇ ಚಹಾದ ಲೋಟ ಎತ್ತಲೂ ಆಗುತ್ತಿರಲಿಲ್ಲ.

ನಿನ್ನೆ ಸಂಜೆ ಎಡಗೈಯಲ್ಲಿ ಒಂದು ಕಾರ್ಡು ಹಿಡಿದು ಅವಳೆದುರು ಕೂತೆ.

"ನಲವತ್ತೆಂಟು ವರ್ಷದ ಗೃಹಿಣಿ. ಅಂಗೈ ಊರಿ ಬಿದ್ದಿದ್ದಾಳೆ. ಎಕ್ಸ್‌ರೇ ಸರಿಯಿದೆ, ಹೆಬ್ಬೆರಳ ಗುಳಿಯಲ್ಲಿ ನೋವು. ಏನು ಮಾಡ್ತಿ?"

ಜಸೀಲ ಕಣ್ಣುಮುಚ್ಚಿ ತೂಗಾಡುತ್ತಾ ಶುರುಮಾಡಿದಳು. "ಮೊದಲು ಪೇಶೆಂಟ್ ಹೇಳೋದನ್ನ ತಾಳ್ಮೆಯಿಂದ ಕೇಳ್ತೇನೆ. ಸ್ಕೇಫಾಯ್ಡ್ ಮುರಿದಿರಬಹುದು, ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಕೈ ಅಲ್ಲಾಡದ ಹಾಗೆ ಕಟ್ಟಿ, ಹತ್ತು ದಿನ ಬಿಟ್ಟು ಮತ್ತೆ ಎಕ್ಸ್‌ರೇ, ಬೇಕಾದ್ರೆ ಎಂಆರ್‌ಐ. ಮೂಳೆ ಜಾಗ ತಪ್ಪಿದ್ರೆ ಆಪರೇಷನ್ ಮಾಡಿ ಸ್ಕ್ರೂ."

"ಮುಲಾಮು ಹಚ್ಚು ಅಂತ ಮನೆಗೆ ಕಳಿಸಿದ್ರೆ?"

"ಅಯ್ಯೋ, ಅಂಥ ಡಾಕ್ಟರನ್ನ ಫೇಲ್ ಮಾಡ್ಬೇಕು!"

ಎಡಗೈಯಲ್ಲೇ ಟಿಕ್ ಹಾಕಿದೆ. ಅಳು ಬಂತು. ಕಾರ್ಡಿನೊಳಗಿನ ಹೆಂಗಸಿಗೆ ಎಷ್ಟು ಒಳ್ಳೆಯ ಡಾಕ್ಟರು ಸಿಕ್ಕಿದ್ದಾಳೆ! ಹೆತ್ತವಳಿಗೆ ಮಾತ್ರ ಮುಲಾಮು.

ಜಸೀಲ ಕಾರ್ಡು ಕೈಗೆತ್ತಿಕೊಂಡಳು. "ಉಮ್ಮಾ, ಇದು ಮೊಣಕಾಲಿನ ಪ್ರಶ್ನೆ. ಇದರಲ್ಲಿ ಗೃಹಿಣಿ ಎಲ್ಲಿ..." ಅನ್ನುತ್ತಾ ನನ್ನ ಕೈ ನೋಡಿದಳು. ಹತ್ತು ದಿನಕ್ಕೆ ಮೊದಲ ಸಲ ಆ ಗುಳಿ ಒತ್ತಿದಳು. ಯಾ ಅಲ್ಲಾಹ್, ನಾನು ಕಿರುಚಿದ್ದು ಪಕ್ಕದ ವಿಲ್ಲಾಕ್ಕೂ ಕೇಳಿರಬೇಕು.

ಇವತ್ತು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ದ್ವಾರಕನಾಥ ಹೊಸ ಎಕ್ಸ್‌ರೇ ತೋರಿಸಿದರು. ಕೂದಲೆಳೆಯಷ್ಟು ಬಿರುಕು. ಜಾಗ ತಪ್ಪಿಲ್ಲ, ಸದ್ಯಕ್ಕೆ ಪ್ಲಾಸ್ಟರ್ ಸಾಕು. "ಒಳ್ಳೆ ಹೊತ್ತಿಗೆ ಬಂದ್ರಿ. ಯಾರು ಪತ್ತೆ ಮಾಡಿದ್ದು?"

"ನನ್ನ ಮಗಳು!" ಅಂದರು ಯಜಮಾನರು, ಎದೆಯುಬ್ಬಿಸಿ. ಜಸೀಲ ನೆಲ ನೋಡುತ್ತಿದ್ದಳು.

ನಾನು ಕೇಳಿದೆ, "ಡಾಕ್ಟ್ರೇ, ಒಳಬದಿಯ ತುಂಡಿಗೆ ರಕ್ತ ಹೋಗ್ತಾ ಇದೆಯಾ?"

ಅವರ ಪೆನ್ನು ನಿಂತಿತು. ಆಮೇಲೆ ವಿವರವಾಗಿಯೇ ಉತ್ತರ ಕೊಡತೊಡಗಿದರು, ಯಜಮಾನರ ಮುಖ ನೋಡಿಕೊಂಡು. ಇವರೂ ಎಲ್ಲಾ ಗೊತ್ತಿದ್ದವರ ಹಾಗೆ ತಲೆಯಾಡಿಸಿದರು.

"ಸರ್." ಜಸೀಲ ತಲೆಯೆತ್ತಿದಳು. "ಪತ್ತೆ ಮಾಡಿದ್ದು ಉಮ್ಮ. ನಾನು ಮುಲಾಮು ಹಚ್ಚಿ ಅಂದಿದ್ದೆ. ಈಗ ಕೇಳಿದ್ದೂ ಉಮ್ಮ. ಅವರ ಮುಖ ನೋಡಿ ಹೇಳಿ."

ಡಾಕ್ಟರು ಕುರ್ಚಿ ನನ್ನ ಕಡೆ ತಿರುಗಿಸಿ, ಮೊದಲಿನಿಂದ ಶುರು ಮಾಡಿದರು.